ಓಂಕಾರಮ್ಮನ ಬಗ್ಗೆ ಐದು ನಿಮಿಷ

ಐದು ನಿಮಿಷ ಸಾಕು ಎಂದಿದ್ದರು. ಶನಿವಾರ ಹನ್ನೊಂದು ಗಂಟೆಗೆ ಕಾರ್ಯಕ್ರಮ, ಮೊದಲು ಒಂದು ಹಾಡು, ಆಮೇಲೆ ಮನೆಯವರೊಬ್ಬರು ಐದು ನಿಮಿಷ ಮಾತಾಡುವುದು, ಒಂದೆರಡು ನಗುವ ಪ್ರಸಂಗಗಳಿದ್ದರೆ ಒಳ್ಳೆಯದು, ಬಂದವರಿಗೂ ಹಗುರವಾಗುತ್ತದೆ ಎಂದು ಅಂತ್ಯಕ್ರಿಯೆಯ ಸಂಸ್ಥೆಯ ಗ್ರಾಂಟ್ ಮಂಗಳವಾರವೇ ಹೇಳಿದ್ದ. ಇವತ್ತು ಗುರುವಾರ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕುಸಿದು ಕೂತ ಮೃತ್ಯುಂಜಯ ಫೋನು ತೆಗೆದು, ನನ್ನ ಅಜ್ಜಿ ಓಂಕಾರಮ್ಮ ಎಂಬತ್ತೆಂಟು ವರ್ಷ ಬದುಕಿದರು ಎಂದು ಇಂಗ್ಲಿಷಿನಲ್ಲಿ ಬರೆದ. ಅಳಿಸಿದ. ಅವರು ಎರಡು ದೇಶಗಳಲ್ಲಿ ಐವತ್ತಾರು ವರ್ಷ ಅಂಗಡಿ ನಡೆಸಿದರು ಎಂದು ಬರೆದ. ಯಾವುದೋ ಕಂಪನಿಯ ವೆಬ್‌ಸೈಟಿನಲ್ಲಿ ಸ್ಥಾಪಕರ ಬಗ್ಗೆ ಹಾಕಿದ ಸಾಲಿನ ಹಾಗೆ ಕಂಡಿತು. ಅದನ್ನೂ ಅಳಿಸಿದ. ಏನು ಬರೆದರೂ ಅದರ ಹಿಂದೆ ಬರೆಯದ ಇನ್ನೊಂದು ಸಾಲು ನಿಂತು ಇಣುಕುತ್ತಿತ್ತು. ಅವಳನ್ನು ಸುಡಲು ಹೇಳಿ ಬಂದವನು ನಾನು ಎಂಬ ಸಾಲು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಜ್ಜಿ ಹೋದಳು. ಮಂಗಳವಾರ ಹೆಂಡರ್ಸನ್ನಿನ ಆ ಸಂಸ್ಥೆಯ ಮೆತ್ತನೆಯ ಕುರ್ಚಿಯಲ್ಲಿ ಕೂತು ಅವನು ಫಾರಂ ತುಂಬಿದ. ತುಂಬಿದ್ದು ಗ್ರಾಂಟ್, ಇವನು ಹೂಂಗುಟ್ಟಿದ್ದು ಅಷ್ಟೆ. ಹೆಸರು, ಹುಟ್ಟಿದ ಊರು, ವೈದ್ಯರ ಹೆಸರು. ಧರ್ಮ ಹಿಂದೂ ಅಲ್ಲವೇ ಎಂದು ಕೇಳಿದ. ಹೌದು. ಹಾಗಾದರೆ ಸುಡುವುದು ಎಂದು ಪೆನ್ನನ್ನು ಆ ಚೌಕದ ಮೇಲೆ ಹಿಡಿದು ತಲೆಯೆತ್ತಿ ನೋಡಿದ. ಒಳ್ಳೆಯ ಮನುಷ್ಯ. ನನಗೆ ಇದೆಲ್ಲ ಗೊತ್ತಿದೆ, ಈ ಹೊತ್ತಿನಲ್ಲಿ ನೀವು ವಿವರಿಸುವ ಕಷ್ಟ ಪಡಬೇಕಾಗಿಲ್ಲ ಎಂಬ ದಯೆ ಅವನ ಮುಖದಲ್ಲಿತ್ತು. ಆ ದಯೆಗೆ ಮೃತ್ಯುಂಜಯ ಸೋತ. ಹೌದು ಎಂದ. ಪೆನ್ನು ಟಿಕ್ ಹಾಕಿತು. ನಾವು ಲಿಂಗಾಯತರು, ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ, ಹೂಳುವುದೂ ಮಲಗಿಸಿ ಅಲ್ಲ, ಪದ್ಮಾಸನ ಹಾಕಿಸಿ, ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ಇಷ್ಟು ಹೇಳಲು ಎರಡು ನಿಮಿಷ ಬೇಕಾಗಿತ್ತು. ಎರಡು ನಿಮಿಷದ ತ್ರಾಣ ಅವನಲ್ಲಿರಲಿಲ್ಲ. ಕೂರಿಸಿ ಎಂದ ಕೂಡಲೇ ಗ್ರಾಂಟ್‌ನ ಹುಬ್ಬು ಮೇಲೇರುವುದನ್ನೂ, ಸಭ್ಯತೆಯಿಂದ ಮತ್ತೆ ಕೆಳಗಿಳಿಯುವುದನ್ನೂ, ಎಷ್ಟು ಸ್ವಾರಸ್ಯವಾಗಿದೆ ಎಂದು ಅವನು ಮೆಲ್ಲಗೆ ಹೇಳುವುದನ್ನೂ ಮೃತ್ಯುಂಜಯ ಮೊದಲೇ ಕಂಡುಬಿಟ್ಟಿದ್ದ. ಕಾರಿಗೆ ವಾಪಸು ಬರುವಾಗ, ಅಷ್ಟು ಹೊತ್ತೂ ಹೊರಗೆ ನಿಂತು ಆಫೀಸಿನ ಫೋನಿನಲ್ಲಿ ಮಾತಾಡುತ್ತಿದ್ದ ಹೆಂಡತಿ ಪೂರ್ವಿ, ನಿಮ್ಮಲ್ಲಿ ಹೂಳ್ತಾರಲ್ವಾ, ಮಾವನ್ನ ಸೌತ್ ಐಲೆಂಡ್‌ನಲ್ಲಿ ಹಾಗೇ ಮಾಡಿದ್ದು ಅಂತ ಅಜ್ಜಿ ಹೇಳ್ತಿದ್ರಲ್ಲ ಎಂದು ಕೇಳಿದಳು. ಆಕ್ಲೆಂಡಿನಲ್ಲಿ ಅದಕ್ಕೆಲ್ಲ ಪರ್ಮಿಷನ್ ಕೊಡಲ್ಲ ಎಂದುಬಿಟ್ಟ. ಮೈಸೂರಿನ ಬ್ರಾಹ್ಮಣರ ಮನೆಯ ಹುಡುಗಿ ಅವಳು, ನಂಬಿದಳು. ನಂಬಿ, ಅವನ ಭುಜದ ಮೇಲೆ ಕೈಯಿಟ್ಟಳು. ಹಾಗೆ ಕೈಯಿಟ್ಟದ್ದು ಅವನಿಗೆ ಇವತ್ತಿಗೂ ಚುಚ್ಚುತ್ತಿತ್ತು.

ನಲವತ್ತು ವರ್ಷದ ಅವನ ಬಾಳು ಇಂಥ ಹೌದುಗಳಿಂದಲೇ ಕಟ್ಟಿದ್ದು. ಎಂಟನೆಯ ವಯಸ್ಸಿನಲ್ಲಿ, ದಕ್ಷಿಣ ದ್ವೀಪದ ಕ್ಯಾಂಟರ್ಬರಿ ಬಯಲಿನ ನಡುವೆ ಇದ್ದ ವಿಲ್ಬರ್ಟನ್ ಎಂಬ ಪುಟ್ಟ ಊರಿನ ಶಾಲೆಯಲ್ಲಿ, ಟೀಚರ್ ಹಾಜರಿ ಪುಸ್ತಕ ನೋಡಿ ನಾಲಿಗೆ ತೊಡರಿಸಿಕೊಂಡು, ಜೇ ಎನ್ನಬಹುದೇ ಎಂದು ಕೇಳಿದಾಗ ಹೌದು ಎಂದದ್ದು ಮೊದಲನೆಯದು. ಅಲ್ಲಿಂದ ಶುರುವಾಗಿ, ಆಫೀಸಿನಲ್ಲಿ ಅವನು ಇವತ್ತಿಗೂ ಜೇ. ದೆಹಲಿಯ ಕಡೆಯವನಾ ಎಂದರೆ ಹೌದು. ಹಿಂದಿ ಮಾತಾಡುತ್ತೀಯಲ್ಲ ಎಂದರೆ ಸ್ವಲ್ಪ. ದೀಪಾವಳಿಯ ದಿನ ಆಫೀಸಿನ ಅಡಿಗೆಮನೆಯಲ್ಲಿ ನಿಂತು, ತನ್ನ ಮನೆಯಲ್ಲಿ ಯಾರೂ ಮಾಡದ ಯಾವುದೋ ಆಚರಣೆಯ ಅರ್ಥವನ್ನು ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದು ಎಲ್ಲರಿಗೂ ವಿವರಿಸುವುದು. ಸುಳ್ಳು ಹೇಳುವ ಚಪಲ ಅವನಿಗೆ ಇರಲಿಲ್ಲ, ನಿಜ ಹೇಳುವುದಕ್ಕೆ ಹೆಚ್ಚು ಮಾತು ಬೇಕಾಗುತ್ತದೆ ಎಂಬುದಷ್ಟೇ ಅವನ ತೊಂದರೆ. ಅಜ್ಜಿಗೆ ಈ ದಣಿವೇ ಗೊತ್ತಿರಲಿಲ್ಲ. ಹಣೆಯ ತುಂಬ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಹಣೆಗೇನಾಯಿತು ಎಂದು ಕುರಿಗಾರ ರೈತರು ಕೇಳಿದರೆ, ಹಾಲು ಕೊಳ್ಳಲು ಬಂದವನನ್ನು ನಿಲ್ಲಿಸಿಕೊಂಡು, ತನಗೆ ಬಂದ ಇಪ್ಪತ್ತು ಇಂಗ್ಲಿಷ್ ಪದಗಳಲ್ಲಿ ಹಸು, ಸಗಣಿ, ಬೂದಿ, ಶಿವ ಎಂದು ಪೂರ್ತಿ ಹೇಳಿಯೇ ಕಳಿಸುತ್ತಿದ್ದಳು. ಸಗಣಿ ಎನ್ನುವುದಕ್ಕೆ ಅವಳು ಬಳಸುತ್ತಿದ್ದ ಪದವನ್ನು ಅವಳಿಗೆ ಕಲಿಸಿದವರು ಆ ರೈತರೇ. ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದ ಅವನು ಅದನ್ನು ಕೇಳಿ ಪೆನ್ಸಿಲ್ ಕಚ್ಚುತ್ತಿದ್ದ.

ಈ ಪ್ರಸಂಗ ಹೇಳಬಹುದೇ ಶನಿವಾರ? ನಗುತ್ತಾರೆ. ನಗಿಸಿ, ಆಮೇಲೆ ಪರದೆ ಎಳೆದು, ಒಳಗೆ ಬೆಂಕಿಗೆ ತಳ್ಳುವುದು. ಬಸ್ಸು ನಿಂತಿತು, ಇಳಿದ. ಇಂಡಿಯನ್ ಅಂಗಡಿಗಳ ಸಾಲಿನಲ್ಲಿ ಮೂರನೆಯದಕ್ಕೆ ಹೋದ. ಬಂದದ್ದು ವಿಭೂತಿಗೆ, ಅದೊಂದಕ್ಕೇ. ಸುಟ್ಟರೇನು, ಹಣೆಯಾದರೂ ಖಾಲಿ ಇರಬಾರದು ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ಅನ್ನಿಸಿ, ಅಷ್ಟು ಮಾಡಿದರೆ ಮುಕ್ಕಾಲು ತಪ್ಪು ತೊಳೆದುಹೋಗುತ್ತದೆಂದು ತನ್ನನ್ನು ತಾನೇ ನಂಬಿಸಿಕೊಂಡು, ಆಫೀಸಿಗೆ ಅರ್ಧ ದಿನ ರಜೆ ಹೇಳಿ ಬಂದಿದ್ದ. ಕೌಂಟರಿನಲ್ಲಿದ್ದ ಫಿಜಿಯ ಆಂಟಿ, ಮನೆಯಲ್ಲಿ ಸಾವಾಗಿದೆ ಎಂದು ಕೇಳುತ್ತಲೇ, ಅಯ್ಯೋ ಮಗನೇ ಎಂದು ಕೌಂಟರಿನ ಕೆಳಗಿನಿಂದ ಕಟ್ಟಿಟ್ಟ ಒಂದು ಚೀಲವನ್ನು ಎತ್ತಿ ಮುಂದಿಟ್ಟಳು. ಎಲ್ಲವೂ ಇದರಲ್ಲಿದೆ, ಜನರಿಗೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲವೆಂದು ಸೆಟ್ ಮಾಡಿಟ್ಟಿರುತ್ತೇನೆ ಎಂದಳು. ತುಪ್ಪ, ಕರ್ಪೂರ, ಗಂಧದ ಚಕ್ಕೆ, ಕರಿಎಳ್ಳು, ಬಿಳಿಯ ಬಟ್ಟೆ. ಅವನು ಚೀಲದೊಳಗೆ ನೋಡಿದ. ಇದಲ್ಲ, ನಮಗೆ ಇದ್ಯಾವುದೂ ಬೇಡ ಎನ್ನಬೇಕಾಗಿತ್ತು. ಥ್ಯಾಂಕ್ಸ್ ಆಂಟಿ ಎಂದ. ಬಾಗಿಲ ಹತ್ತಿರ ಹೋದವನು ತಿರುಗಿ, ವಿಭೂತಿ ಇದರಲ್ಲಿದೆಯಾ ಎಂದು ಕೇಳಿದ. ಅದು ಮುಗಿದಿದೆ, ಮುಂದಿನ ವಾರ ಬರುತ್ತದೆ ಎಂದಳು. ಬೆಂಕಿಗೆ ಬೇಕಾದದ್ದನ್ನೆಲ್ಲ ಹೊತ್ತುಕೊಂಡು, ಬೇಕಾಗಿದ್ದ ಒಂದನ್ನು ಬಿಟ್ಟು ರಸ್ತೆಗೆ ಬಂದ ತನ್ನನ್ನು ನೋಡಿ ಅವನಿಗೇ ಒಂದು ಕೆಟ್ಟ ನಗು ಬಂತು.

ಅಜ್ಜಿಯಾಗಿದ್ದರೆ ಆ ಆಂಟಿಗೆ ಸೆಟ್ಟನ್ನು ವಾಪಸು ಕೊಟ್ಟು, ಅದನ್ನು ಹೇಗೆ ಕಟ್ಟಬೇಕೆಂದೂ ಹೇಳಿಕೊಟ್ಟು ಬರುತ್ತಿದ್ದಳು. ಚಳ್ಳಕೆರೆಯ ಕಡೆ, ಕಣ್ಣು ಹಾಯಿಸಿದಷ್ಟೂ ಹುಲ್ಲು, ನಡುವೆ ಒಂದು ಮರವೂ ಇಲ್ಲದ ಬಯಲಿನ ಅಂಚಿನಲ್ಲಿ, ಗಂಡ ವೀರಭದ್ರಪ್ಪ ಬಿಟ್ಟುಹೋದ ಕಿರಾಣಿ ಅಂಗಡಿಯನ್ನು ಮೂವತ್ತನೆಯ ವಯಸ್ಸಿಗೆ ಹಿಡಿದವಳು ಅವಳು. ಬೆಲ್ಲ, ಬೀಡಿ, ಎಮ್ಮೆಗೆ ಹಾಕುವ ಶೇಂಗಾ ಹಿಂಡಿ. ಮಗ ತಿಪ್ಪೇಸ್ವಾಮಿ ಕೃಷಿ ಓದಿಕೊಂಡು ಈ ದೇಶಕ್ಕೆ ಬಂದು, ಓದಿಗೆ ತಕ್ಕ ಕೆಲಸ ಸಿಗದೆ ವಿಲ್ಬರ್ಟನ್ನಿನಲ್ಲಿ ಒಂದು ಡೈರಿ, ಎಂದರೆ ಈ ದೇಶದ ಮೂಲೆಯಂಗಡಿ, ಹಿಡಿದು, ಹಾಲು ಬ್ರೆಡ್ಡು ಪೇಪರು ಮಾರಿ ಸಾಕಾಗಿ, ಅವ್ವಾ ನನ್ನ ಕೈಲಾಗಲ್ಲ ಎಂದು ಬರೆದಾಗ, ಐವತ್ತಾರು ವರ್ಷದ ಹೆಂಗಸು ತಾಯಿಯಿಲ್ಲದ ಮೊಮ್ಮಗನನ್ನು ಕೈಹಿಡಿದುಕೊಂಡು ಬಂದು, ಅದೇ ದಿನ ಆ ಸ್ಟೂಲಿನ ಮೇಲೆ ಕೂತಳು. ಬಯಲು ನೋಡಿ, ನಮ್ಮೂರಂಗೇ ಐತಲ್ಲೋ ಎಂದಳಂತೆ. ವಾಯವ್ಯದ ಬಿಸಿಗಾಳಿ ಬೀಸಿ ಎಲ್ಲರೂ ತಲೆನೋವೆಂದು ಬಾಗಿಲು ಹಾಕಿಕೊಂಡ ದಿನ ಅವಳು ಹೊರಗೆ ಕುರ್ಚಿ ಹಾಕಿಕೊಂಡು ಮುಖವೊಡ್ಡಿ ಕೂರುತ್ತಿದ್ದಳು. ಬಂದ ಮೊದಲ ಚಳಿಗಾಲದಲ್ಲೇ, ಜುಲೈಯಲ್ಲಿ, ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಅಂಗಡಿ ಮುಂದೆ ನೀರು ಚಿಮುಕಿಸಿದಳು, ಇಪ್ಪತ್ತಾರು ವರ್ಷದ ರೂಢಿ. ಶೂನ್ಯಕ್ಕಿಂತ ಐದು ಡಿಗ್ರಿ ಕೆಳಗಿನ ಚಳಿ. ಆ ನೀರು ಗಾಜಾಯಿತು, ಟಪಾಲಿನ ಹೆಂಗಸು ಅದರ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಅಜ್ಜಿ ಅವಳ ಮನೆಗೆ ಹೋಗಿ ತಲೆ ಬಾಚಿ ಬಂದಳು. ಆಮೇಲಿನ ಇಪ್ಪತ್ತೊಂಬತ್ತು ವರ್ಷ ನೀರಿಲ್ಲದೆ ಒಣ ರಂಗೋಲಿ. ಟಪಾಲಿನವಳು ರಂಗೋಲಿ ತುಳಿಯದ ಹಾಗೆ ಸುತ್ತಿಕೊಂಡು ಬರುವುದನ್ನು ಊರೆಲ್ಲ ಕಲಿಯಿತು. ಊರಿಗೆ ಅವಳು ಮಿಸೆಸ್ ಓ. ಹೊಲಕ್ಕೆ ಹೋಗುವ ಹೆಂಗಸರು ಮನೆ ಬೀಗದಕೈಯನ್ನು ಅವಳ ಹತ್ತಿರ ಕೊಟ್ಟು ಹೋಗುತ್ತಿದ್ದರು. ಇದನ್ನೆಲ್ಲ ಬರೆಯಬೇಕಿತ್ತು. ಫೋನು ಜೇಬಿನಲ್ಲಿತ್ತು, ತೆಗೆಯುವ ಮನಸ್ಸಿರಲಿಲ್ಲ.

ತೆಗೆಯುವ ಮೊದಲೇ ಅದು ಹೊಡೆದುಕೊಂಡಿತು. ದಾವಣಗೆರೆಯಿಂದ ಪದ್ಮಾವತಿ ಅತ್ತೆ, ಅಪ್ಪನ ತಂಗಿ, ಓಂಕಾರಮ್ಮನಿಗೆ ಉಳಿದ ಒಬ್ಬಳೇ ಮಗಳು. ಸೊಂಟ ಮುರಿದು ವರ್ಷವಾಯಿತು, ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ಅಲ್ಲಿ ಬೆಳಗಿನ ಏಳು ಗಂಟೆ, ಪೂಜೆ ಮುಗಿಸಿ ಮಾಡಿದ್ದಳು. ಬಸ್ ಸ್ಟಾಪಿನ ಗಾಜಿಗೆ ಒರಗಿ ನಿಂತು ಅವನು ಹಲೋ ಎಂದ. ಉಂಡಿಯಾ, ಪೂರ್ವಿ ಹೆಂಗದಾಳೆ ಎಂದೆಲ್ಲ ಕೇಳಿ, ಆಮೇಲೆ ವಿಷಯಕ್ಕೆ ಬಂದಳು.

“ಗುಣಿ ನಮ್ಮ ತಿಪ್ಪಣ್ಣನ ಪಕ್ಕದಾಗೇ ತಾನೇನಪ್ಪಾ?”

“ಹೂಂ ಅತ್ತೆ.”

“ಕುಂದ್ರಿಸಾಕೆ ಒಪ್ಪಿದ್ರಾ ಆ ಜನ?”

“ಹೂಂ, ಎಲ್ಲಾ ಅರೇಂಜ್ ಆಗ್ತಿದೆ.”

ಅತ್ತೆ ಮೂಗೊರೆಸಿಕೊಂಡದ್ದು ಕೇಳಿಸಿತು. ಹೆಣ್ಣುಮಗಳಾಗಿ ನನ್ನ ಕೈಲಿ ಏನೂ ಆಗಲಿಲ್ಲ, ಪರದೇಶದಲ್ಲಿದ್ದು ನೀನು ಇಷ್ಟು ಮಾಡ್ತಿದೀಯ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು. ಕೂರಿಸುವಾಗ ವಿಡಿಯೋ ಹಚ್ಚಬೇಕು, ಓಣಿಯವರಿಗೆಲ್ಲ ಹೇಳಿದೀನಿ, ಎಲ್ಲರೂ ಕೂತು ನೋಡ್ತೀವಿ, ಅವ್ವನ ಮುಖ ಒಂದ್ಸಲ ಸರಿಯಾಗಿ ತೋರಿಸು ಎಂದಳು. ಆಗಲಿ ಎಂದ. ಬಸ್ಸು ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಫೋನು ಕೆಳಗಿಳಿಸಿದ. ಗ್ರಾಂಟ್‌ನ ಮುಂದೆ ಹೌದು ಎಂದದ್ದಕ್ಕೆ ದಣಿವಿನ ನೆಪವಿತ್ತು. ಇದಕ್ಕೆ ಅದೂ ಇರಲಿಲ್ಲ.

ಮುಂದಿನ ಬಸ್ಸಿಗೆ ಕಾಯದೆ ಕಿಂಗ್ಸ್‌ಲ್ಯಾಂಡಿನ ತನಕ ನಡೆದು ಪಶ್ಚಿಮಕ್ಕೆ ಹೋಗುವ ರೈಲು ಹತ್ತಿದ. ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡ. ಇಷ್ಟಲಿಂಗವೂ ಅವನ ಹತ್ತಿರವೇ ಇತ್ತು, ಆಸ್ಪತ್ರೆಯವರು ಕಿವಿಯೋಲೆಯ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೆಸರು ಬರೆದು ಕೊಟ್ಟಿದ್ದರು, ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಚಾರ್ಜರಿನ ಪಕ್ಕದಲ್ಲಿ. ನರ್ಸು ಸೋಮವಾರ ಬೆಳಿಗ್ಗೆ ಅಜ್ಜಿಯ ಕಾಲುಗಳನ್ನು ನೀಟಾಗಿ ಚಾಚಿಸಿ ಹೊದಿಕೆ ಎಳೆಯುವಾಗ ಅವನು ಮಂಚದ ಪಕ್ಕದಲ್ಲೇ ನಿಂತಿದ್ದ. ಅಪ್ಪ ಹೋದ ದಿನ ಅಜ್ಜಿ ಏನು ಮಾಡಿದ್ದಳೆಂದು ನೋಡಿದ್ದವನು ಅವನು. ಮೈ ಸೆಟೆಯುವ ಮೊದಲೇ ಪಕ್ಕದ ಮನೆಯ ಇಬ್ಬರು ರೈತ ಹೆಂಗಸರನ್ನು ಕರೆದು, ಎಪ್ಪತ್ಮೂರು ವರ್ಷದ ಮುದುಕಿ ತನ್ನ ಮಗನ ಕಾಲುಗಳನ್ನು ತಾನೇ ಮಡಿಸಿ, ಗೋಡೆಗೆ ಒರಗಿಸಿ, ಸೀರೆಯಲ್ಲಿ ಎದೆಗೆ ಕಟ್ಟಿ ಕೂರಿಸಿದ್ದಳು. ಅದೆಲ್ಲ ನೋಡಿಯೂ ಸೋಮವಾರ ಅವನು ನರ್ಸಿಗೆ ಥ್ಯಾಂಕ್ಯೂ ಎಂದ.

ಎದುರು ಸೀಟಿನಲ್ಲಿ ಶಾಲೆಯ ಹುಡುಗಿಯರು ಚಿಪ್ಸ್ ತಿನ್ನುತ್ತಿದ್ದರು. ಅಜ್ಜಿಯಾಗಿದ್ದರೆ ಆ ಪೊಟ್ಟಣದ ಮೇಲಿನ ತಾರೀಕು ನೋಡುತ್ತಿದ್ದಳು. ಕೊನೆಯ ಎರಡು ವರ್ಷ, ಕಾಲು ಸೋತು ವಿಲ್ಬರ್ಟನ್ ಬಿಟ್ಟು ಇವನ ಮನೆಗೆ ಬಂದ ಮೇಲೆ, ದಿನವೂ ಕೋಲೂರಿಕೊಂಡು ಬೀದಿ ತುದಿಯ ಡೈರಿಗೆ ಹೋಗಿ ನಿಲ್ಲುತ್ತಿದ್ದಳು. ಏನೂ ಕೊಳ್ಳಲು ಅಲ್ಲ. ಆ ಗುಜರಾತಿ ದಂಪತಿ ಮರ್ಯಾದಸ್ಥರು, ಒಂದು ಸ್ಟೂಲು ಹಾಕಿಕೊಟ್ಟರು. ಹದಿನೈದು ದಿನದಲ್ಲಿ ಅಜ್ಜಿ ಬಂದ ಗಿರಾಕಿಗಳಿಗೆ ಈ ಬ್ರೆಡ್ಡು ನಿನ್ನೆಯದು, ಹಿಂದಿನ ಸಾಲಿನದು ತಗೋ ಎಂದು ಹೇಳಲು ಶುರುಮಾಡಿದಳು. ಅಂಗಡಿಯವನು ಮೃತ್ಯುಂಜಯನನ್ನು ಪಕ್ಕಕ್ಕೆ ಕರೆದು ಬಹಳ ಸಂಕೋಚದಿಂದ ಹೇಳಿದ. ಮನೆಗೆ ಬಂದು ಅವನು, ಅಜ್ಜಿ, ಅದು ನಿನ್ನ ಅಂಗಡಿ ಅಲ್ಲ, ನನಗೆ ತಲೆ ಎತ್ತಕ್ಕೆ ಆಗಲ್ಲ ಎಂದು ಜೋರಾಗಿಯೇ ಹೇಳಿದ್ದ. ಅವಳು ಆಯಿತಪ್ಪ ಎಂದಳು. ಮರುದಿನದಿಂದ ಹೋಗಲಿಲ್ಲ. ಹಾಲ್‌ನಲ್ಲಿ ನೆಲದ ಮೇಲೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು, ಅವನು ಬೆಳಿಗ್ಗೆ ಕಾಫಿ ಹಿಡಿದು ಅವಳನ್ನು ಬಳಸಿ ದಾಟಿ ಆಫೀಸಿನ ಕೋಣೆಗೆ ಹೋಗುತ್ತಿದ್ದ. ಅಂಗಡಿಯೊಂದು ಸಿಕ್ಕಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದಳೋ ಏನೋ ಎಂದು ಅವನಿಗೆ ಈಗ ಅನ್ನಿಸಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ರೈಲು ಹೊರಟು ಹತ್ತು ನಿಮಿಷವಾಗಿರಬಹುದು, ಗ್ರಾಂಟ್‌ನ ಸಂದೇಶ ಬಂತು. ಶವಕ್ಕೆ ಮದ್ದು ಹಾಕಿ ಸಿದ್ಧಗೊಳಿಸುವ ಕೆಲಸ ನಾಳೆ ಬೆಳಿಗ್ಗೆ, ಸುಡುವ ಅನುಮತಿಯ ಕಾಗದಗಳನ್ನು ಇವತ್ತು ನಾಲ್ಕು ಗಂಟೆಗೆ ಕಳಿಸುತ್ತಿದ್ದೇವೆ, ಎಲ್ಲ ಸರಿಯಿದೆ ತಾನೆ, ಒಂದು ಮಾತು ತಿಳಿಸಿದರೆ ಸಾಕು. ಕೆಳಗೆ ಫೋನು ತಾನಾಗಿಯೇ ಮೂರು ಉತ್ತರಗಳನ್ನು ಜೋಡಿಸಿಟ್ಟಿತ್ತು. ಹೌದು. ಸರಿ. ಧನ್ಯವಾದ. ಬೆರಳಿಟ್ಟರೆ ಹೋಗುತ್ತದೆ. ಯಂತ್ರಕ್ಕೂ ಅವನ ಸ್ವಭಾವ ಗೊತ್ತಾಗಿಬಿಟ್ಟಿತ್ತು. ಬೆರಳು ಹೌದು ಎಂಬುದರ ಮೇಲೆ ನಿಂತಿತು. ಆಮೇಲೆ ಅತ್ತೆಗೆ ಸಿಗ್ನಲ್ ಸಿಗಲಿಲ್ಲ ಎನ್ನಬಹುದು. ಸುಟ್ಟ ಬೂದಿಯನ್ನು ತೆಗೆದುಕೊಂಡು ಹೋಗಿ ಅಪ್ಪನ ಪಕ್ಕದಲ್ಲಿಟ್ಟರೂ ಆಗುತ್ತದೆ, ಮಣ್ಣು ಮಣ್ಣೇ. ಯಾರಿಗೂ ತಿಳಿಯುವುದಿಲ್ಲ. ಹೀಗೆ ಒಂದೊಂದೇ ಸಮಾಧಾನ ಹೆಣೆಯುತ್ತಿರುವಾಗ, ಹದಿನೈದು ವರ್ಷದಿಂದ ಅವನು ಒಮ್ಮೆಯೂ ಬೇಕೆಂದು ನೆನೆಯದ ಒಂದು ಕೌಂಟರು ಕಣ್ಣಮುಂದೆ ಬಂತು.

ವಿಲ್ಬರ್ಟನ್ನಿನಿಂದ ಅರ್ಧ ಗಂಟೆ ದೂರದ ಜಿಲ್ಲಾ ಕೌನ್ಸಿಲ್ ಕಚೇರಿ. ಅಪ್ಪನನ್ನು ಮನೆಯಲ್ಲಿ ಗೋಡೆಗೆ ಒರಗಿಸಿ ಬಂದಿದ್ದರು. ಸಮಾಧಿಗಳ ಉದ್ದ, ಅಗಲ, ಆಳ ಎಲ್ಲ ನಿಗದಿಯಾಗಿದೆ, ಬೇರೆ ಆಕಾರದಲ್ಲಿ ತೋಡಲು ಬರುವುದಿಲ್ಲ ಎಂದು ಕೌಂಟರಿನ ಹೆಂಗಸು ಹೇಳಿದಳು. ಮೈ ಸನ್, ಸಿಟ್ಟಿಂಗ್ ಎಂದಳು ಅಜ್ಜಿ. ಕ್ಷಮಿಸಿ, ಏನಂದಿರಿ? ಸಿಟ್ಟಿಂಗ್. ಹಿಂದೆ ಸಾಲಿನಲ್ಲಿ ನಾಲ್ಕು ಜನ. ಒಬ್ಬ ನಾಯಿಯ ಲೈಸೆನ್ಸಿಗೆ ಬಂದಿದ್ದ. ಅಜ್ಜಿ ಬ್ರೆಡ್ಡಿನ ಚೀಟಿಯ ಹಿಂಭಾಗದಲ್ಲಿ ಒಂದು ಚೌಕ ಬರೆದು, ಒಳಗೆ ಚಕ್ಕಳಮಕ್ಕಳ ಹಾಕಿದ ಮನುಷ್ಯನನ್ನು, ಮಕ್ಕಳು ಬರೆಯುವಂತೆ, ಗೀಚಿ ಮುಂದಕ್ಕೆ ತಳ್ಳಿದಳು. ನಾಯಿಯವನು ಕತ್ತು ಚಾಚಿ ಅದನ್ನು ನೋಡಿದ. ಇಪ್ಪತ್ತೈದು ವರ್ಷದ ಮೃತ್ಯುಂಜಯ, ಅಪ್ಪ ಸತ್ತು ಒಂದು ದಿನವಾಗಿದ್ದ ಮೃತ್ಯುಂಜಯ, ಆ ನೋಟ ತಡೆಯಲಾರದೆ, ಕೌಂಟರಿನ ಕಡೆ ಬಾಗಿ ವೇಗದ ಇಂಗ್ಲಿಷಿನಲ್ಲಿ, ಮಲಗಿಸಿದರೂ ನಡೆಯುತ್ತದೆ, ಇವರಿಗೆ ವಯಸ್ಸಾಗಿದೆ, ನಾನು ಆಮೇಲೆ ಮನೆಯಲ್ಲಿ ಹೇಳಿ ಒಪ್ಪಿಸುತ್ತೇನೆ ಎಂದ. ಹದಿನೇಳು ವರ್ಷ ಆ ಜನದ ಜತೆ ವ್ಯಾಪಾರ ಮಾಡಿದವಳಿಗೆ ಆ ಮಾತು ಅರ್ಥವಾಗದೆ ಇರುತ್ತದೆಯೇ. ಅಜ್ಜಿ ಅವನ ಕಡೆ ತಿರುಗಲಿಲ್ಲ. ಚೀಟಿಯನ್ನು ಇನ್ನೂ ಒಂದು ಇಂಚು ಮುಂದಕ್ಕೆ ತಳ್ಳಿದಳು. ಸಂಜೆ ಬಾಗಿಲು ಹಾಕುವ ತನಕ ಅಲ್ಲೇ ಕುರ್ಚಿಯಲ್ಲಿ ಕೂತಳು, ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ಮತ್ತೆ ಬಂದು ಕೂತಳು. ಮೂವತ್ತು ವರ್ಷದಲ್ಲಿ ಆ ಡೈರಿ ಮುಚ್ಚಿದ್ದದ್ದು ಆ ದಿನಗಳಲ್ಲಿ ಮಾತ್ರ. ಮಧ್ಯಾಹ್ನ ಯಾರೋ ಹಿರಿಯ ಎಂಜಿನಿಯರ್ ಹೊರಗೆ ಬಂದು, ಮಿಸೆಸ್ ಓ, ನೀವಾ ಎಂದ, ಎದುರು ಕುರ್ಚಿ ಎಳೆದುಕೊಂಡು ಕೂತ, ಪೂರ್ತಿ ಕೇಳಿದ, ಆಗಲಿ ಎಂದ. ವಿಲ್ಬರ್ಟನ್ನಿನ ಬಡಗಿ ಕಾಳಿನ ಕಣಜ ಮಾಡುವ ಹಲಗೆಯಲ್ಲೇ ಚೌಕದ ಪೆಟ್ಟಿಗೆ ಮಾಡಿಕೊಟ್ಟು, ತನ್ನ ಪಿಕಪ್ ಗಾಡಿಯಲ್ಲಿ ತಾನೇ ಹೇರಿಕೊಂಡು ಬಂದ.

ಮೊದಲ ದಿನ ಸಂಜೆ ಕೌನ್ಸಿಲ್ಲಿನಿಂದ ಹಿಂತಿರುಗುವಾಗ ವ್ಯಾನು ಓಡಿಸುತ್ತಿದ್ದವನು ಅವನೇ. ಎರಡೂ ಕಡೆ ಬಯಲು, ಕೊಯ್ಲಾದ ಹೊಲ. ಅಜ್ಜಿ ಬೈಯುತ್ತಾಳೆಂದು ಕಾಯುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು.

“ನಿನಗೆ ನಾಚಿಕಿ ಆತು,” ಎಂದಳು ಅಜ್ಜಿ, ಕಿಟಕಿಯಾಚೆ ನೋಡುತ್ತಲೇ. “ನೋಡಿದೆ ನಾನು. ಆಗ್ಲಿ ಬಿಡು, ಹುಡುಗ ನೀನು. ನನ್ನ ಸರದಿ ಬಂದಾಗ ಮಾತ್ರ ನಾಚ್ಕೋಬ್ಯಾಡ ಕಣಪ್ಪಾ.”

ಅಷ್ಟೇ. ಆಮೇಲೆ ನಾಳೆ ಬರಬೇಡವೆಂದು ಬ್ರೆಡ್ಡಿನವನಿಗೆ ಹೇಳಬೇಕೆಂದು ಮಾತು ತೆಗೆದಳು. ಆಗ ಅವನು ಹೂಂ ಎಂದಿದ್ದನೋ ಇಲ್ಲವೋ ಎಷ್ಟು ಯೋಚಿಸಿದರೂ ಈಗ ನೆನಪಾಗಲಿಲ್ಲ. ಎಲ್ಲರಿಗೂ ಹೂಂ ಎನ್ನುವವನು ಅವಳೊಬ್ಬಳಿಗೆ ಅಂದಿರಲಿಲ್ಲವೋ ಏನೋ. ಹೆಂಡರ್ಸನ್ ಬಂತು. ಬಾಗಿಲು ಮುಚ್ಚುವ ಹೊತ್ತಿಗೆ ಎದ್ದು ಇಳಿದ. ಮೂರೂ ಇಪ್ಪತ್ತೈದು. ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಫೋನಿನಲ್ಲಿ ತಾನು ಮತ್ತೆ ಏನಕ್ಕಾದರೂ ಹೌದು ಎಂದುಬಿಡುತ್ತೇನೆಂಬ ಭಯವಿತ್ತು. ಮನೆಯ ದಾರಿ ಬಿಟ್ಟು ಇನ್ನೊಂದು ಕಡೆ ತಿರುಗಿದ. ಕಾಲು ನೋಯುತ್ತಿತ್ತು, ಎಲ್ಲಾದರೂ ಮಲಗಿಬಿಡಬೇಕೆನ್ನುವಷ್ಟು ದಣಿವಾಗಿತ್ತು. ದಣಿವು ಹೋಗಲಿಲ್ಲ, ಅದನ್ನು ಹೊತ್ತುಕೊಂಡೇ ನಡೆದ.

ಗ್ರಾಂಟ್ ಹೊರಗೆ ಹೋಗಿದ್ದ. ಮುಂದಿನ ಕೌಂಟರಿನಲ್ಲಿದ್ದವಳು ಲೋಸಾ ಎಂಬ ದಪ್ಪನೆಯ ಸಮೋವನ್ ಹೆಂಗಸು, ಎದೆಯ ಮೇಲೆ ಹೆಸರಿನ ಬಿಲ್ಲೆ. ಪಕ್ಕದ ಸೋಫಾದಲ್ಲಿ ಒಬ್ಬ ಮುದುಕ, ಮುದುಕಿ ಶವಪೆಟ್ಟಿಗೆಗಳ ಚಿತ್ರಗಳಿದ್ದ ಪುಸ್ತಕ ಮಗುಚುತ್ತಿದ್ದರು. ಮೃತ್ಯುಂಜಯ ಕೌಂಟರಿನ ಮೇಲೆ ಎರಡೂ ಕೈಯಿಟ್ಟು, ಮಂಗಳವಾರ ನಾನು ತಪ್ಪು ಹೇಳಿದೆ ಎಂದ. ದನಿ ಗಟ್ಟಿಯಾಗಿಯೇ ಬಂತು, ಮುದುಕಿ ತಲೆಯೆತ್ತಿದಳು. ಸುಡುವುದಲ್ಲ, ಹೂಳಬೇಕು, ದಕ್ಷಿಣ ದ್ವೀಪದಲ್ಲಿ ಅವಳ ಮಗನ ಪಕ್ಕ, ಮತ್ತು ಕೂರಿಸಿ ಹೂಳಬೇಕು. ಲೋಸಾಳ ಹುಬ್ಬು ಮೇಲೇರಿತು. ಅವನು ಅಂದುಕೊಂಡಷ್ಟೇ ಏರಿತು, ಅದರಿಂದ ಅವನಿಗೆ ಏನೂ ಆಗಲಿಲ್ಲ. ಅವಳು ಫಾರಂ ತೆಗೆದು ನೋಡಿದಳು, ಗಡಿಯಾರ ನೋಡಿದಳು, ಯಾರಿಗೋ ಫೋನು ಮಾಡಿ ಓಂಕಾರಮ್ಮ ಎಂಬ ಹೆಸರನ್ನು ಮೂರು ತುಂಡಾಗಿ ಹೇಳಿ ಕಾಗದ ಕಳಿಸಬೇಡಿ ಎಂದಳು. ಮದ್ದು ಹಾಕಿಲ್ಲ, ಪುಣ್ಯ, ನಾಳೆಯ ಮೇಲಾಗಿದ್ದರೆ ಕಾಲು ಮಡಿಸಲು ಬರುತ್ತಿರಲಿಲ್ಲ ಎಂದಳು. ಶನಿವಾರದ ಕಾರ್ಯಕ್ರಮ ಮುಂದಕ್ಕೆ ಹೋಗಬಹುದು, ವಿಮಾನಕ್ಕೆ ಬೇರೆ ಕಾಗದ ಬೇಕು, ಅಲ್ಲಿಯ ಕೌನ್ಸಿಲ್ಲನ್ನು ಕೇಳಬೇಕು. ಪೆಟ್ಟಿಗೆ ಯಾರು ಮಾಡುತ್ತಾರೆ? ವಿಲ್ಬರ್ಟನ್ನಿನ ಬಡಗಿಯ ಹೆಸರು ಹೇಳಿದ. ಅವನು ಇನ್ನೂ ಬದುಕಿದ್ದ, ಫೋನು ಎತ್ತಿಕೊಂಡ, ಮಿಸೆಸ್ ಓ ಗೆ ಎಂದರೆ ಇವತ್ತೇ ಹಲಗೆ ಕೊಯ್ಯುತ್ತೇನೆ, ಅಳತೆ ಕೊಡಿ ಎಂದ.

ಲೋಸಾ ಫೋನಿಗೆ ಕೈ ಅಡ್ಡ ಹಿಡಿದು ಅವನನ್ನು ನೋಡಿದಳು. ಅವಳ ಕಾಗದದಲ್ಲಿ ಮಲಗಿದ ಉದ್ದವಿತ್ತು, ನೂರ ನಲವತ್ತೊಂಬತ್ತು ಸೆಂಟಿಮೀಟರ್. ಕೂತರೆ ಎಷ್ಟು? ಮಂಡಿಯಿಂದ ಮಂಡಿಗೆ ಎಷ್ಟು ಅಗಲ? ಎರಡು ವರ್ಷ ದಿನವೂ ನೆಲದ ಮೇಲೆ ಕೂತವಳನ್ನು ಬಳಸಿ ದಾಟಿದವನಿಗೆ ಅದು ಗೊತ್ತಿರಲಿಲ್ಲ. ಅಪ್ಪನದು ಎಷ್ಟಿತ್ತೋ ಅದೂ ಗೊತ್ತಿರಲಿಲ್ಲ, ಅದನ್ನೆಲ್ಲ ಅಜ್ಜಿಯೇ ನೋಡಿಕೊಂಡಿದ್ದಳು. ಗೊತ್ತಿಲ್ಲ ಎಂದ. ಹಾಗಾದರೆ ನೀವೇ ಕೂತು ತೋರಿಸಿ, ನಿಮ್ಮ ಅಳತೆಯನ್ನೇ ಕೊಡೋಣ, ದೊಡ್ಡದಾದರೆ ದಿಂಬು ಇಡಬಹುದು, ಚಿಕ್ಕದಾದರೆ ಏನೂ ಮಾಡುವ ಹಾಗಿಲ್ಲ ಎಂದು ಅವಳು ಡ್ರಾಯರಿನಿಂದ ಟೇಪು ತೆಗೆದುಕೊಂಡು ಈಚೆ ಬಂದಳು.

ಮೃತ್ಯುಂಜಯ ಶೂ ಬಿಚ್ಚಿದ. ಒಂದು ಕಾಲುಚೀಲದ ತುದಿಯಲ್ಲಿ ತೂತಿತ್ತು. ಕಾರ್ಪೆಟ್ಟಿನ ಮೇಲೆ ಕೂತು ಬಲಗಾಲನ್ನು ಕೈಯಿಂದ ಎಳೆದು ಎಡತೊಡೆಯ ಮೇಲಿಟ್ಟುಕೊಂಡ, ಎಡಗಾಲು ಬರಲಿಲ್ಲ, ಪ್ಯಾಂಟು ಬಿಗಿಯಿತು, ಲೋಸಾ ಬಗ್ಗಿ ಪಾದ ಹಿಡಿದು ಮೇಲೆತ್ತಿಕೊಟ್ಟಳು. ಬೆನ್ನು ನೇರ ಎಂದಳು. ನೇರ ಮಾಡಿದ. ಟೇಪಿನ ಲೋಹದ ತುದಿ ಬೆನ್ನಿನ ಹಿಂದೆ ನೆಲ ಮುಟ್ಟಿತು, ಅವಳು ಅದನ್ನು ಅವನ ನೆತ್ತಿಯ ತನಕ ಎಳೆದು ಎಂಬತ್ತೊಂಬತ್ತು ಎಂದು ಕೂಗಿದಳು, ಸ್ಪೀಕರಿನಲ್ಲಿ ಬಡಗಿ ಎಂಬತ್ತೊಂಬತ್ತು ಎಂದ. ಸೋಫಾದ ಮುದುಕ ಪುಸ್ತಕ ಮುಚ್ಚಿ ನೋಡುತ್ತಿದ್ದ. ಇದು ಯಾರಿಗೆ ಎಂದು ಮೆಲ್ಲಗೆ ಕೇಳಿದ. ನನ್ನ ಅಜ್ಜಿಗೆ ಎಂದ ಮೃತ್ಯುಂಜಯ. ಅಷ್ಟಕ್ಕೇ ಬಿಡಬಹುದಿತ್ತು. ನಾವು ಮಲಗಿಸುವುದಿಲ್ಲ, ಕೂರಿಸುತ್ತೇವೆ ಎಂದ. ಅಂಗೈಯಲ್ಲಿ ದೇವರನ್ನು ಇಟ್ಟುಕೊಂಡು ಹೀಗೆ ಕೂರುತ್ತಾಳೆ ಎಂದು ಎಡಗೈಯನ್ನು ಮಡಿಲಲ್ಲಿ ತೆರೆದಿಟ್ಟು ತೋರಿಸಿದ. ಅವಳು ಅಂಗಡಿ ಇಟ್ಟಿದ್ದಳು, ಎಲ್ಲರಿಗೂ ಎಲ್ಲವನ್ನೂ ಪೂರ್ತಿ ಹೇಳುತ್ತಿದ್ದಳು ಎನ್ನುವಷ್ಟರಲ್ಲಿ ಸೋಮವಾರದಿಂದ ಒಮ್ಮೆಯೂ ಬಾರದ ಅಳು ಬಂತು. ಲೋಸಾ ಮಂಡಿಯೂರಿ ಟೇಪನ್ನು ಅವನ ಒಂದು ಮಂಡಿಯಿಂದ ಇನ್ನೊಂದಕ್ಕೆ ಎಳೆಯುತ್ತಿದ್ದಳು. ಅಳತೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅವನು ಬೆನ್ನು ಬಾಗಿಸದೆ, ಕಣ್ಣೂ ಒರೆಸಿಕೊಳ್ಳದೆ, ಅಲ್ಲಾಡದೆ ಕೂತು ಅತ್ತ.